ಬಿರುಬೇಸಿಗೆಯ ಕಾಡಿನಲ್ಲಿ ಕಾಲ್ನಡಿಗೆಗೆ ಬಿದ್ದರೆ: ಉಳಿಸಬೇಕಾದದ್ದು ಬೆವರು

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ ಕಾಡು, ಶಿಂಷಾ ಕಣಿವೆ, ಹೆಗ್ಗಡದೇವನಕೋಟೆಯ ಕಾಡಂಚು, ಮೇಲುಕೋಟೆ–ಪಾಂಡವಪುರದ ಬಂಡೆಗುಡ್ಡಗಳು. ಇವು ಯಾವುವೂ ಮರುಭೂಮಿಯಲ್ಲ. ಎಲ್ಲಿ ಸಿಕ್ಕಿಬಿದ್ದರೂ ಬಹುತೇಕ ಹತ್ತು–ಹದಿನೈದು ಕಿಲೋಮೀಟರಿನೊಳಗೆ ಒಂದು ರಸ್ತೆಯೋ ನಾಲೆಯೋ ದೊಡ್ಡಿಯೋ ಇರುತ್ತದೆ. ಬೈಕ್ ಕೆಟ್ಟು ನಿಂತವರು, ದಾರಿ ತಪ್ಪಿದವರು ಅದೇ ಧೈರ್ಯದಲ್ಲಿ ಮಟಮಟ ಮಧ್ಯಾಹ್ನ ನಡೆದು ಹೊರಡುತ್ತಾರೆ. ಅಪಾಯ ಶುರುವಾಗುವುದೇ ಅಲ್ಲಿಂದ. ನಮ್ಮ ಸೀಮೆಯಲ್ಲಿ ಮೂರು ದಿನ ನೀರಿಲ್ಲದೆ ಸಾಯುವ ಸಂಭವ ಕಡಿಮೆ. ತಪ್ಪು ಹೊತ್ತಿನಲ್ಲಿ ಮೂರು ಗಂಟೆ ನಡೆದು ಹೀಟ್ ಸ್ಟ್ರೋಕ್ ಆಗುವ ಸಂಭವ ಅದಕ್ಕಿಂತ ಬಹಳ ಹೆಚ್ಚು.

ಮೊಬೈಲಿನಲ್ಲಿ ಹುಡುಕಿದರೆ ಸಿಗುವ ಸಲಹೆಗಳು ಬಹುಪಾಲು ಸಹಾರಾ, ಅರಿಜೋನಾ, ಆಸ್ಟ್ರೇಲಿಯಾದ ನೆಲಕ್ಕೆ ಬರೆದವು. ದೇಹದ ಬಗ್ಗೆ ಅವು ಹೇಳುವುದು ಇಲ್ಲಿಗೂ ಅಷ್ಟೇ ನಿಜ. ನೆಲದ ಬಗ್ಗೆ ಹೇಳುವುದು ಮಾತ್ರ ಇಲ್ಲಿ ಹಲವೆಡೆ ತಿರುಗುಮುರುಗು. ‘ರಾತ್ರಿ ನಡೆಯಿರಿ’ ಎನ್ನುವುದು ಆನೆ ಇರುವ ಕಾಡಿಗೆ ಕೆಟ್ಟ ಸಲಹೆ. ‘ಕಳ್ಳಿಯಿಂದ ನೀರು ತೆಗೆಯಿರಿ’ ಎನ್ನುವುದು ನಮ್ಮ ಬೇಲಿಯ ಕಳ್ಳಿಯ ವಿಷಯದಲ್ಲಿ ಕಣ್ಣು ಕಳೆಯುವ ಸಲಹೆ. ‘ಬಂಡೆಯ ಉತ್ತರದ ನೆರಳಿಗೆ ಹೋಗಿ’ ಎಂದು ನಂಬಿ ಏಪ್ರಿಲ್ ಕೊನೆಯಲ್ಲಿ ಹೋದರೆ ಅಲ್ಲಿ ನೆರಳೇ ಇರುವುದಿಲ್ಲ.

ಬೆವರಿನ ಲೆಕ್ಕ

ಅರವತ್ತು ಕಿಲೋ ತೂಕದವರ ಮೈಯಲ್ಲಿ ಸುಮಾರು 35 ಲೀಟರ್ ನೀರಿರುತ್ತದೆ. ಏರುತಗ್ಗಿನ ದಾರಿಯಲ್ಲಿ ನಡೆಯುವಾಗ ಮೈ ಗಂಟೆಗೆ ಸುಮಾರು 250ರಿಂದ 300 ಕಿಲೋ ಕ್ಯಾಲೊರಿ ಶಾಖ ಹುಟ್ಟಿಸುತ್ತದೆ. ನೇರ ಬಿಸಿಲು ಬಿದ್ದರೆ ಅದಕ್ಕೆ ಇನ್ನೂ ನೂರಕ್ಕೂ ಹೆಚ್ಚು ಸೇರುತ್ತದೆ. ಗಾಳಿಯ ಉಷ್ಣತೆ 35 ಡಿಗ್ರಿ ದಾಟಿತೆಂದರೆ ಚರ್ಮಕ್ಕಿಂತ ಗಾಳಿಯೇ ಬಿಸಿ. ಆಗ ಶಾಖವನ್ನು ಹೊರಹಾಕಲು ಮೈಗೆ ಉಳಿಯುವುದು ಬೆವರು ಒಂದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಕೊಂಡೊಯ್ಯುತ್ತದೆ. ಕೂಡಿ ಕಳೆದರೆ, ನಡುಹಗಲಲ್ಲಿ ನಡೆಯುವವರಿಗೆ ಗಂಟೆಗೆ ಮುಕ್ಕಾಲು ಲೀಟರ್ ಬೆವರು ಬೇಕೇ ಬೇಕು. ಆವಿಯಾಗದೆ ತೊಟ್ಟಿಕ್ಕಿ ವ್ಯರ್ಥವಾಗುವುದನ್ನೂ ಸೇರಿಸಿದರೆ ಒಂದು ಲೀಟರ್. ಅದೇ ಹೊತ್ತಿನಲ್ಲಿ ಮರದ ನೆರಳಲ್ಲಿ ಸುಮ್ಮನೆ ಕೂತರೆ ಗಂಟೆಗೆ ಕಾಲು ಲೀಟರಿನ ಆಸುಪಾಸು ಸಾಕು.

ನಷ್ಟ 1.2 ಲೀಟರಿಗೆ, ಅಂದರೆ ತೂಕದ ಶೇಕಡಾ 2ಕ್ಕೆ ಬಂದಾಗಲೇ ನಡಿಗೆಯ ಶಕ್ತಿಯೂ ಗಮನವೂ ಕುಗ್ಗುತ್ತವೆ. ಜೋರು ಬಾಯಾರಿಕೆ ಕಾಣಿಸಿಕೊಳ್ಳುವುದೂ ಹೆಚ್ಚುಕಡಿಮೆ ಆ ಹೊತ್ತಿಗೇ. ಶೇಕಡಾ 5 ಅಂದರೆ 3 ಲೀಟರ್ ಹೋದಾಗ ತಲೆನೋವು, ವಾಕರಿಕೆ, ಸಿಡಿಮಿಡಿ, ಕಾಲು ತೊಡರುವುದು. ಶೇಕಡಾ 10ರ ಹತ್ತಿರ ಬಂದವರು ತಾವಾಗಿ ನಡೆದು ಪಾರಾಗುವ ಮಾತಿಲ್ಲ. ಗಂಟೆಗೊಂದು ಲೀಟರಿನಂತೆ ನೀವೇ ಲೆಕ್ಕ ಹಾಕಿ: ಅರ್ಧ ಲೀಟರ್ ಬಾಟಲಿ ಹಿಡಿದು ಹನ್ನೊಂದಕ್ಕೆ ಹೊರಟವರು ಎರಡೂವರೆಗೆ ಎಲ್ಲಿರುತ್ತಾರೆ?

1940ರ ದಶಕದಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ಎಡ್ವರ್ಡ್ ಅಡಾಲ್ಫ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಸೈನಿಕರನ್ನು ಪರೀಕ್ಷಿಸಿ ಒಂದು ಅಂದಾಜು ಪಟ್ಟಿ ಮಾಡಿದರು. ಹಗಲಿನ ಗರಿಷ್ಠ ಉಷ್ಣತೆ 38 ಡಿಗ್ರಿ ಎಂದಿಟ್ಟುಕೊಳ್ಳೋಣ. ಮಂಡ್ಯದ ಬಿರುಬೇಸಿಗೆ ಅದಕ್ಕೆ ದೂರವಿಲ್ಲ. ಒಂದು ತೊಟ್ಟೂ ನೀರಿಲ್ಲದೆ ನೆರಳಲ್ಲಿ ಅಲುಗದೆ ಇದ್ದರೆ ಸುಮಾರು 5 ದಿನ ಬದುಕಬಹುದು. ಹಗಲು ಮಲಗಿ, ರಾತ್ರಿ ಕೈಲಾಗುವಷ್ಟು ನಡೆದರೆ 3 ದಿನ. ನಾಲ್ಕು ಲೀಟರಿನಷ್ಟು ನೀರಿದ್ದು ಕೂತೇ ಇದ್ದರೆ 7 ದಿನ. ನಾಲ್ಕು ಲೀಟರ್ ನೀರು ಕೊಡುವುದು ಎರಡು ದಿನ, ನಡೆಯದೆ ಕೂರುವುದು ಕೊಡುವುದೂ ಎರಡು ದಿನ. ಹೆಚ್ಚಿನವರು ಬಾಟಲಿಯ ಬಗ್ಗೆ ಚಿಂತಿಸುತ್ತಾರೆ, ಕೂರುವ ಬಗ್ಗೆ ಯೋಚಿಸುವುದೇ ಇಲ್ಲ.

ಅದೇ ತಂಡ ಕಂಡ ಇನ್ನೊಂದು ಸಂಗತಿ: ನೀರು ಎದುರಿಗಿದ್ದರೂ ಜನ ಬಾಯಾರಿಕೆಯನ್ನೇ ನಂಬಿ ಕುಡಿದರೆ ಕಳೆದುಕೊಂಡಷ್ಟು ತುಂಬಿಕೊಳ್ಳುವುದಿಲ್ಲ. ಇನ್ನು, ಬಾಟಲಿಯಲ್ಲಿ ನೀರು ಉಳಿಸಿಕೊಂಡು ನಾಲಿಗೆ ಒದ್ದೆ ಮಾಡಿಕೊಳ್ಳುತ್ತ ನಡೆಯುವುದರಿಂದ ಏನೂ ಲಾಭವಿಲ್ಲ. ನೀರು ಕುಡಿಯಲಿ ಬಿಡಲಿ, ಬೆವರು ಅಷ್ಟೇ ಹೋಗುತ್ತದೆ. ಅರ್ಧ ತುಂಬಿದ ಬಾಟಲಿ ಚೀಲದಲ್ಲಿರುವಾಗಲೇ ಬಿಸಿಲಿಗೆ ಬಿದ್ದು ಸತ್ತವರಿದ್ದಾರೆ. ಬಾಯಾರಿಕೆಗೆ ಕಾಯದೆ ಕುಡಿಯಿರಿ, 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 200 ಮಿಲಿಲೀಟರ್. ಮಿತಿ ಹಾಕಬೇಕಾದದ್ದು ನಡಿಗೆಗೆ, ಬಿಸಿಲಿಗೆ, ಮಾತಿಗೆ.

ನೀರು ಧಾರಾಳವಾಗಿ ಸಿಕ್ಕಾಗ ಇನ್ನೊಂದು ತಪ್ಪು ಆಗುತ್ತದೆ. ಗಂಟೆಗೆ ಒಂದೂವರೆ ಲೀಟರ್ ಮೀರಿ ಬರೀ ನೀರು ಸುರಿದುಕೊಂಡರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ, ಸೆಳವು ಬರಬಹುದು. ನೋಡಲು ಅದೂ ಬಿಸಿಲು ಬಡಿದಂತೆಯೇ ಇರುತ್ತದೆ. ಬೆವರಿನ ಜೊತೆ ಉಪ್ಪೂ ಹೋಗಿರುವುದರಿಂದ ಒಂದು ಲೀಟರಿಗೆ ಅರ್ಧ ಟೀ ಚಮಚ ಉಪ್ಪು, ಆರು ಟೀ ಚಮಚ ಸಕ್ಕರೆ ಬೆರೆಸಿ. ಓಆರ್‌ಎಸ್ ಪೊಟ್ಟಣ ಇದ್ದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಹಾಕಿ. ಅರ್ಧ ನೀರಿಗೆ ಹಾಕಿ ಗಟ್ಟಿ ಮಾಡಿದರೆ ಕೆಡುಕೇ ಹೆಚ್ಚು. ಉಪ್ಪನ್ನು ಬರಿದೇ ನುಂಗುವುದು ಬೇಡ. ಎಳನೀರು ಒಳ್ಳೆಯದು. ಆದರೆ ಅದರಲ್ಲಿ ಪೊಟ್ಯಾಶಿಯಂ ಹೆಚ್ಚು, ಸೋಡಿಯಂ ಕಡಿಮೆ. ಜೊತೆಗೆ ಏನಾದರೂ ಉಪ್ಪಿನ ತಿನಿಸು ಇರಲಿ.

ಕೂರುವುದೋ, ನಡೆಯುವುದೋ

ಸಿಕ್ಕಿಬಿದ್ದೆವು ಎಂದು ಗೊತ್ತಾದ ಕೂಡಲೇ ನೆರಳಿಗೆ ಹೋಗಿ ಹತ್ತು ನಿಮಿಷ ಕೂರಿ. ಮೂರು ವಿಷಯ ತೂಗಿ ನೋಡಿ. ನಾವು ಇಲ್ಲಿದ್ದೇವೆಂದು ಯಾರಿಗಾದರೂ ಗೊತ್ತೇ? ಹೋಗಬೇಕಾದ ಜಾಗ ಎಲ್ಲಿದೆ, ಎಷ್ಟು ದೂರ ಎಂಬುದು ಖಚಿತವೇ? ಆ ದೂರಕ್ಕೆ ಬೇಕಾದ ನೀರು, ಹಗಲ ಬೆಳಕು ಎರಡೂ ಉಳಿದಿವೆಯೇ? ಮೊದಲನೆಯದಕ್ಕೆ ಹೌದು ಎಂದಾದರೆ ಕೂರುವುದೇ ಮೇಲು. ಎರಡನೆಯದಕ್ಕೋ ಮೂರನೆಯದಕ್ಕೋ ಅನುಮಾನವಿದ್ದರೆ ಆ ಹೊತ್ತಿಗೆ ಹೊರಡಲೇಬೇಡಿ. ನಡೆಯುವ ತೀರ್ಮಾನ ಮಾಡಿದರೂ ಮಧ್ಯಾಹ್ನ ಹೊರಡಬಾರದು.

ವಾಹನ ಕೆಟ್ಟು ನಿಂತಿದ್ದರೆ ಅದರ ಹತ್ತಿರವೇ ಇರಿ. ಹುಡುಕುವವರಿಗೆ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ. ಹಾಗಂತ ಹಗಲಲ್ಲಿ ಬಾಗಿಲು ಮುಚ್ಚಿ ಒಳಗೆ ಕೂರಬಾರದು. ಬಿಸಿಲಲ್ಲಿ ನಿಂತ ಕಾರಿನ ಒಳಗು ಒಂದು ಗಂಟೆಯೊಳಗೆ ಹೊರಗಿಗಿಂತ 20 ಡಿಗ್ರಿಯಷ್ಟು ಹೆಚ್ಚು ಕಾಯುತ್ತದೆ. ಬಾಗಿಲುಗಳನ್ನೆಲ್ಲ ತೆರೆದಿಡಿ, ಹತ್ತಿರದ ಮರದಡಿ ಕೂರಿ, ಇರುಳಿಗೆ ಒಳಗೆ ಸೇರಿ. ರೇಡಿಯೇಟರ್ ನೀರು ಕುಡಿಯುವ ಯೋಚನೆ ಬೇಡ, ಕೂಲೆಂಟಿನಲ್ಲಿರುವ ಗ್ಲೈಕಾಲ್ ವಿಷ. ಬಂಡೀಪುರದ ಹೆದ್ದಾರಿಯಂಥ ರಸ್ತೆಯಲ್ಲಿ ನಿಂತಿದ್ದರೆ ಸಂಚಾರ ರಾತ್ರಿ 9ಕ್ಕೆ ನಿಂತು ಬೆಳಿಗ್ಗೆ 6ಕ್ಕೆ ಮತ್ತೆ ಶುರುವಾಗುತ್ತದೆ. ಅಲ್ಲಿ ವಾಹನ ಬಿಟ್ಟು ನಡೆಯಲು ಯಾವ ಕಾರಣವೂ ಇಲ್ಲ.

ಮರುಭೂಮಿಯ ಸಲಹೆ ಇಲ್ಲಿಗೆ ಹೊಂದದಿರುವುದು ನಡಿಗೆಯ ಹೊತ್ತಿನ ವಿಷಯದಲ್ಲಿ. ಇಲ್ಲಿ ಆನೆ, ಕರಡಿ, ಚಿರತೆ ಮೂರೂ ಕತ್ತಲಲ್ಲಿ ಓಡಾಡುತ್ತವೆ, ಮಂಡಲದ ಹಾವೂ ಕಟ್ಟುಹಾವೂ ಹೊರಬರುವುದು ಆಗಲೇ. ಹಾಗಾಗಿ ನಮಗೆ ಉಳಿಯುವುದು ಎರಡು ಕಿಂಡಿಗಳು. ಏಪ್ರಿಲ್ ಮಧ್ಯದಲ್ಲಿ ಮೈಸೂರಿನಲ್ಲಿ ಹೊತ್ತು ಹುಟ್ಟುವುದು ಸುಮಾರು 6.10ಕ್ಕೆ, ಮುಳುಗುವುದು 6.30ಕ್ಕೆ. ಬೆಳಿಗ್ಗೆ ಆರೂಕಾಲಿನಿಂದ ಒಂಬತ್ತೂವರೆ, ಸಂಜೆ ನಾಲ್ಕರಿಂದ ಐದೂಮುಕ್ಕಾಲು. ಗಂಟೆಗೆ ಮೂರು ಕಿಲೋಮೀಟರಿನಂತೆ ನಡೆದರೂ ಬೆಳಗಿನ ಕಿಂಡಿಯಲ್ಲಿ ಸುಮಾರು ಹತ್ತು, ಸಂಜೆಯದರಲ್ಲಿ ನಾಲ್ಕೈದು ಕಿಲೋಮೀಟರ್ ಸಾಗುತ್ತದೆ. ಅಂದರೆ ಈ ಸೀಮೆಯಲ್ಲಿ ಬೇಕಾದ ದೂರವೆಲ್ಲ ಬಿಸಿಲಿಗೆ ಬೀಳದೆಯೇ ಒಂದು ದಿನದಲ್ಲಿ ಮುಗಿಯುತ್ತದೆ. ಬೆಳಗಿನ ತಂಪಿನಲ್ಲಿ ಬೆವರಿನ ಖರ್ಚೂ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಸಂಜೆ ಸಿಕ್ಕಿಬಿದ್ದವರು ಕತ್ತಲಲ್ಲಿ ಎಡವುತ್ತ ಹೋಗುವ ಬದಲು ರಾತ್ರಿ ಕಳೆದು ಬೆಳಿಗ್ಗೆ ಹೊರಡುವುದು ಯಾವಾಗಲೂ ವಾಸಿ.

ಮೂವತ್ತು ನಿಮಿಷ ನಡಿಗೆ, ಹತ್ತು ನಿಮಿಷ ನೆರಳು. ಗುಂಪಿದ್ದರೆ ಎಲ್ಲರಿಗಿಂತ ನಿಧಾನದವರು ಮುಂದೆ, ಗಟ್ಟಿಗರು ಕೊನೆಗೆ. ಗುಂಪು ಒಡೆಯಬಾರದು. ತುಂಬುತೋಳಿನ ಸಡಿಲ ಹತ್ತಿಯ ಅಂಗಿ ಹಾಕಿಕೊಂಡಿರಿ. ಸೆಕೆಯೆಂದು ಅಂಗಿ ಬಿಚ್ಚಿದರೆ ಬಿಸಿಲ ಶಾಖ ನೇರ ಚರ್ಮಕ್ಕೆ ಸೇರುತ್ತದೆ, ಬೆವರೂ ಬೇಗ ಹಾರಿಹೋಗುತ್ತದೆ. ತಲೆಗೆ, ಕುತ್ತಿಗೆಗೆ ಟವಲು. ಕುಡಿಯಲು ಧೈರ್ಯ ಬಾರದ ರಾಡಿ ನೀರು ಸಿಕ್ಕರೆ ಬಿಡಬೇಡಿ, ಟವಲನ್ನೂ ಅಂಗಿಯನ್ನೂ ಅದರಲ್ಲಿ ಅದ್ದಿ ತೊಟ್ಟುಕೊಳ್ಳಿ. ಬಟ್ಟೆಯಿಂದ ಆವಿಯಾಗುವ ನೀರೂ ಬೆವರಿನಷ್ಟೇ ಶಾಖ ಒಯ್ಯುತ್ತದೆ, ಅಷ್ಟು ಬೆವರು ಮೈಯಲ್ಲೇ ಉಳಿಯುತ್ತದೆ.

ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರೂ ಈ ಲೆಕ್ಕದಿಂದ ಹೊರತಲ್ಲ. ಆ ಹೊತ್ತಿಗೆ ಬಿಸಿಲು ಏರತೊಡಗಿರುತ್ತದೆ, ಮೈ ಇನ್ನೂ ಒಗ್ಗಿರುವುದಿಲ್ಲ. ಬಿಸಿಲಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ದಿನಾ ಸ್ವಲ್ಪ ಸ್ವಲ್ಪ ಬಿಸಿಲಲ್ಲಿ ದುಡಿದಿರಬೇಕು. ಎಸಿ ಕೋಣೆಯಿಂದ ನೇರ ಹೊರಟವರಿಗೂ ಹೊಲದಲ್ಲಿ ದುಡಿಯುವವರಿಗೂ ಇರುವ ವ್ಯತ್ಯಾಸ ಅದೇ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ, ಮನೋರೋಗದ ಕೆಲವು ಮಾತ್ರೆ, ಅಲರ್ಜಿ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು. ಹೊರಡುವ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಬೇಕು.

ನಡುಹಗಲ ಆರು ಗಂಟೆ

ಏಪ್ರಿಲ್ 22ರ ಆಸುಪಾಸು ಮೈಸೂರು–ಮಂಡ್ಯದಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಗಡಿಯಾರದಲ್ಲಿ ಅದು ಹನ್ನೆರಡಲ್ಲ, ಸುಮಾರು 12.20. ಆ ಹೊತ್ತಿಗೆ ನೆಟ್ಟ ಕಂಬಕ್ಕೂ ಕಡಿದಾದ ಬಂಡೆಗೂ ಗೋಡೆಗೂ ನೆರಳಿರುವುದಿಲ್ಲ. ಅದಾದ ಮೇಲೆ ಆಗಸ್ಟ್‌ವರೆಗೂ ನಡುಹಗಲ ಸೂರ್ಯ ನಮಗಿಂತ ಉತ್ತರಕ್ಕೆ ಇರುತ್ತಾನೆ, ಇರುವ ಚೂರುಪಾರು ನೆರಳೂ ಬಂಡೆಯ ದಕ್ಷಿಣಕ್ಕೆ. ಆದ್ದರಿಂದ ಇಲ್ಲಿ ನೆರಳೆಂದರೆ ತಲೆಯ ಮೇಲೆ ಹರಡಿದ ಎಲೆ. ಮತ್ತಿ, ದಿಂಡಿಗದಂಥ ಕಾಡುಮರಗಳು ಆಗ ಬೋಳಾಗಿರುತ್ತವೆ. ಹೊಂಗೆ ಯುಗಾದಿಯ ಹೊತ್ತಿಗೆ ಹೊಸ ಎಲೆ ತುಂಬಿಕೊಂಡಿರುತ್ತದೆ, ಹುಣಸೆ, ಆಲ, ಹಳ್ಳದ ದಡದ ಹೊಳೆಮತ್ತಿ, ನೇರಳೆ ಇವೂ ಒಳ್ಳೆಯ ನೆರಳು ಕೊಡುತ್ತವೆ.

ಕುಂತಿಬೆಟ್ಟದಂಥ ಬಂಡೆಗುಡ್ಡದಲ್ಲಿ ಗುಹೆ, ಬಂಡೆಯ ಸಂದು ಕಂಡ ಕೂಡಲೇ ನುಗ್ಗಬಾರದು. ಕರಡಿಯೂ ಚಿರತೆಯೂ ಹಗಲು ಮಲಗುವುದು ಅಂಥಲ್ಲೇ. ಚಾಚಿದ ಬಂಡೆಯಡಿ ಹೆಜ್ಜೇನು ಕಟ್ಟಿರುತ್ತದೆ. ತಲೆಯೆತ್ತಿ ನೋಡಿ, ಕೋಲಿನಿಂದ ತರಗೆಲೆ ಕೆದಕಿ, ಆಮೇಲೆ ಕೂರಿ. ಮರವೇ ಇಲ್ಲದ ಕಡೆ ಪಂಚೆಯನ್ನು ನಾಲ್ಕು ಮೂಲೆ ಕಟ್ಟಿ ಚಪ್ಪರ ಮಾಡಿ. ಎರಡು ಬಟ್ಟೆಯಿದ್ದರೆ ಒಂದರ ಮೇಲೊಂದು, ನಡುವೆ ಒಂದು ಗೇಣು ಖಾಲಿ ಬಿಟ್ಟು ಕಟ್ಟಿದರೆ ಮೇಲಿನದು ಕಾದರೂ ಕೆಳಗಿನದಕ್ಕೆ ಗಾಳಿಯಾಡುತ್ತದೆ. ಪಕ್ಕ ತೆರೆದೇ ಇರಲಿ. ಗಾಳಿ 38 ಡಿಗ್ರಿ ಇರುವಾಗ ಬಿಸಿಲು ಬಿದ್ದ ನೆಲ 55–60 ಡಿಗ್ರಿ ದಾಟಬಹುದು. ನೇರ ನೆಲಕ್ಕೆ ಕೂರದೆ ಚೀಲ, ಸೊಪ್ಪು, ಸೀಟ್ ಏನಾದರೂ ಹಾಕಿಕೊಳ್ಳಿ. ಕಪ್ಪು ಬಂಡೆ ಸಂಜೆ ಏಳರವರೆಗೂ ಕಾವು ಉಗುಳುತ್ತಿರುತ್ತದೆ. ಅತಿ ಬಿಸಿಲು ಹನ್ನೆರಡಕ್ಕಲ್ಲ, ಎರಡೂವರೆಯಿಂದ ಮೂರೂವರೆಗೆ. ಹಾಗಾಗಿ ‘ಹೊತ್ತು ಇಳಿಯಿತು’ ಎಂದು ಎರಡು ಗಂಟೆಗೆ ಏಳಬೇಡಿ.

ನೀರಿಲ್ಲದಿದ್ದರೆ ಊಟವನ್ನೂ ಕಡಿಮೆ ಮಾಡಿ. ಜೀರ್ಣಕ್ಕೂ ನೀರು ಬೇಕು, ಮೊಟ್ಟೆ, ಮಾಂಸ, ಕಡಲೆಯಂಥದ್ದಕ್ಕೆ ಇನ್ನೂ ಹೆಚ್ಚು.

ದಿಕ್ಕು, ಜಾಡು, ಬೇಲಿ

ನಮ್ಮ ಅಕ್ಷಾಂಶದಲ್ಲಿ ಬೇಸಿಗೆಯ ಸೂರ್ಯ ಹೆಚ್ಚುಕಡಿಮೆ ನೇರ ಮೇಲೇರಿ ನೇರ ಇಳಿಯುತ್ತಾನೆ. ಹನ್ನೊಂದರವರೆಗೂ ಸೂರ್ಯನಿರುವ ಕಡೆ ಪೂರ್ವ, ಒಂದೂವರೆಯ ನಂತರ ಪಶ್ಚಿಮ. ನಡುವಿನ ಹೊತ್ತಿನಲ್ಲಿ ಕೋಲಿನ ನೆರಳಿನಿಂದಾಗಲಿ ಗಡಿಯಾರದ ಮುಳ್ಳಿನಿಂದಾಗಲಿ ದಿಕ್ಕು ಹುಡುಕಲು ಹೋದರೆ ತಪ್ಪೇ ಹೆಚ್ಚು. ಹೇಗೂ ಆಗ ಕೂತಿರಬೇಕಾದ ಹೊತ್ತು.

‘ನದಿ ಸಿಕ್ಕರೆ ಹರಿವಿನ ಜೊತೆ ನಡೆಯಿರಿ, ಊರು ಸಿಗುತ್ತದೆ’ ಎಂಬ ಮಾತು ಮುತ್ತತ್ತಿಯ ಕಡೆ ಕೈಕೊಡುತ್ತದೆ. ಶಿವನಸಮುದ್ರ ದಾಟಿದ ಕಾವೇರಿ ಶಿಂಷೆಯನ್ನು ಕೂಡಿಕೊಂಡು ಭೀಮೇಶ್ವರಿ, ಮುತ್ತತ್ತಿ, ಸಂಗಮದ ಮೇಲೆ ಮೇಕೆದಾಟಿನ ಕಡೆಗೆ, ಇನ್ನೂ ಆಳದ ಕಣಿವೆಗೆ ಇಳಿಯುತ್ತಾಳೆ. ಎಡದಂಡೆಯ ಕಾಡಿನಲ್ಲಿದ್ದರೆ ನದಿಗೆ ಬೆನ್ನು ಮಾಡಿ ಉತ್ತರಕ್ಕೆ, ಹಲಗೂರಿನ ಕಡೆಗೆ ಹೋಗುವುದು ಸರಿ. ಹೆಗ್ಗಡದೇವನಕೋಟೆಯಲ್ಲಿ ಕಬಿನಿ ಹಿನ್ನೀರಿನ ವಿಷಯವೂ ಹಾಗೇ. ಬೇಸಿಗೆಯಲ್ಲಿ ನೀರು ಇಳಿದು ಹುಲ್ಲು ಚಿಗುರಿದಾಗ ಆನೆಗಳು ನೂರಾರು ಸಂಖ್ಯೆಯಲ್ಲಿ ಬರುವುದು ಅಲ್ಲಿಗೇ. ಅಂಚಿನ ಹೂಳಿನಲ್ಲಿ ಕಾಲೂ ಹೂತುಹೋಗುತ್ತದೆ.

ದನದ ಜಾಡನ್ನೂ ಆನೆದಾರಿಯನ್ನೂ ಬೇರೆ ಮಾಡಿ ನೋಡಲು ಕಲಿಯಬೇಕು. ಆನೆದಾರಿ ಅಗಲ, ನಡೆಯಲು ಸಲೀಸು, ತಲೆಗೆ ಕೊಂಬೆ ತಾಗುವುದಿಲ್ಲ, ಲದ್ದಿಯ ಉಂಡೆಗಳು, ಮುರಿದ ಬಿದಿರು. ಅದು ನೀರಿಗೋ ದಟ್ಟ ಕಾಡಿಗೋ ಒಯ್ಯುತ್ತದೆ. ದನದ ಜಾಡು ಕಿರಿದು, ಸಗಣಿ, ಆಡಿನ ಹಿಕ್ಕೆ, ಅಲ್ಲಲ್ಲಿ ಬೀಡಿ ತುಂಡು, ಪ್ಲಾಸ್ಟಿಕ್ ಕವರ್. ಜಾಡುಗಳು ಒಂದಕ್ಕೊಂದು ಸೇರುತ್ತ ದಪ್ಪವಾಗುವ ಕಡೆಗೆ ದೊಡ್ಡಿಯೋ ಊರೋ ಇರುತ್ತದೆ, ಕವಲೊಡೆದು ಸಣ್ಣಗಾಗುವ ಕಡೆ ಮೇವಿನ ಕಾಡು. ಸಂಜೆ ದನ ತಿರುಗಿ ಹೋಗುವ ದಿಕ್ಕೇ ಊರಿನ ದಿಕ್ಕು. ಕರೆಂಟ್ ಕಂಬದ ಸಾಲು ಇನ್ನೂ ನಂಬಿಕೆಗೆ ಅರ್ಹ. ಕಂಬದ ಮೇಲೆ ನಂಬರ್ ಬರೆದಿದ್ದರೆ ಅದನ್ನು ಬರೆದುಕೊಳ್ಳಿ, ಫೋನಿನಲ್ಲಿ ಜಾಗ ಹೇಳಲು ಬಳಕೆಗೆ ಬರುತ್ತದೆ. ಬೆಳಗಿನ ಜಾವ ದೂರದ ದೇವಸ್ಥಾನದ ಮೈಕು, ಕೋಳಿ ಕೂಗು, ಬಸ್ಸಿನ ಸದ್ದು ಚೆನ್ನಾಗಿ ಕೇಳುತ್ತವೆ. ಐದೂವರೆಗೆ ಎದ್ದು ಸುಮ್ಮನೆ ಕಿವಿಗೊಡಿ. ಮಂಡ್ಯದ ಬಯಲಲ್ಲಿ ಆಲೆಮನೆಯ ಹೊಗೆ ಕಂಡರೆ ಅಲ್ಲಿ ಜನವೂ ಉಂಟು, ನೀರೂ ಉಂಟು.

ಕಾಡು ಮುಗಿಯುವ ಕಡೆ ಆನೆ ಕಂದಕ ಅಡ್ಡ ಬರಬಹುದು. ಹಾರಲು, ಇಳಿದು ಹತ್ತಲು ಹೋಗಬೇಡಿ. ದಣಿದ ಕಾಲು ಮುರಿಯುವುದು ಅಲ್ಲೇ. ಕಂದಕದ ಗುಂಟ ನಡೆದರೆ ದಾಟುದಾರಿ ಸಿಗುತ್ತದೆ. ಯಾವ ತಂತಿಬೇಲಿಯನ್ನೂ ಕೈಯಿಂದ ಸರಿಸಬೇಡಿ. ಸೋಲಾರ್ ಬೇಲಿ ಒಂದು ಶಾಕ್ ಕೊಟ್ಟು ಬಿಟ್ಟುಬಿಡುತ್ತದೆ, ಆದರೆ ಹಂದಿ ಕಾಟಕ್ಕೆಂದು ಕದ್ದು ನೇರ ಕರೆಂಟ್ ಕೊಟ್ಟ ತಂತಿ ಕೊಲ್ಲುತ್ತದೆ. ನೋಟದಲ್ಲಿ ಎರಡೂ ಒಂದೇ. ಕಬ್ಬಿನ ಗದ್ದೆಯನ್ನು ಅಡ್ಡ ಸೀಳಿ ಹೋಗುವುದೂ ಬೇಡ. ಒಳಗೆ ಗಾಳಿಯಿಲ್ಲ, ದಿಕ್ಕು ಕಾಣದು, ಮಂಡ್ಯದ ಚಿರತೆಗಳು ಮರಿ ಹಾಕುವುದೂ ಕಬ್ಬಿನಲ್ಲೇ. ಬದುವಿನ ಮೇಲೆ ಸುತ್ತಿ ಹೋಗಿ.

ನೀರು ಹುಡುಕುವಾಗ

ಒಣಗಿದ ಬಯಲಿನ ನಡುವೆ ಹಸಿರು ಮರದ ಸಾಲು ಕಂಡರೆ ಅದು ಹಳ್ಳ. ನೀರು ಬತ್ತಿದ್ದರೂ ಹಳ್ಳ ತಿರುಗುವ ಕಡೆ ಹೊರ ಅಂಚಿನಲ್ಲಿ, ಬಂಡೆಯ ಬುಡದಲ್ಲಿ, ಮರಳು ಕಪ್ಪಾಗಿ ಒದ್ದೆಯಿರುವಲ್ಲಿ ಒರತೆ ತೋಡಿ. ಒಂದರಿಂದ ಎರಡು ಅಡಿಯೊಳಗೆ ತೇವ ಕಾಣದಿದ್ದರೆ ನಿಲ್ಲಿಸಿ, ಅಗೆಯುವ ಬೆವರು ಸಿಗುವ ನೀರಿಗಿಂತ ಹೆಚ್ಚಾಗುತ್ತದೆ. ಜಿನುಗಿದರೆ ಮೊದಲ ರಾಡಿ ಎತ್ತಿ ಚೆಲ್ಲಿ, ತಿಳಿಯಾಗಲು ಬಿಡಿ. ಅಗೆತವನ್ನೂ ಬೆಳಗಿನ ತಂಪಿಗೇ ಇಟ್ಟುಕೊಳ್ಳಿ.

ಕಾಡಿನ ಕೆರೆಕಟ್ಟೆ, ಅರಣ್ಯ ಇಲಾಖೆಯ ನೀರಿನ ತೊಟ್ಟಿ ಕಂಡರೆ ನೇರ ಹೋಗಬೇಡಿ. ನೂರು ಮೀಟರ್ ಆಚೆ ನಿಂತು ಐದು–ಹತ್ತು ನಿಮಿಷ ನೋಡಿ, ಬೇಗ ತುಂಬಿಕೊಂಡು ಜಾಗ ಬಿಡಿ. ನೀರಿನ ಪಕ್ಕ ರಾತ್ರಿ ಕಳೆಯಬಾರದು. ಕಾವೇರಿ, ಕಬಿನಿ ಎರಡರಲ್ಲೂ ಮೊಸಳೆ ಇವೆ. ದಡದಲ್ಲಿ ಬಗ್ಗಿ ಕೂರದೆ ಬಾಟಲಿಯನ್ನು ಕೋಲಿಗೆ ಕಟ್ಟಿ ತುಂಬಿ. ಶಿವನಸಮುದ್ರದಿಂದ ಕೆಳಗೆ, ಮೇಲಿನಿಂದ ನೀರು ಬಿಟ್ಟಾಗ ಹರಿವು ಇದ್ದಕ್ಕಿದ್ದಂತೆ ಏರುತ್ತದೆ. ಮುತ್ತತ್ತಿಯ ಸುಳಿಗಳಲ್ಲಿ ಈಜು ಬಲ್ಲವರೂ ಮುಳುಗಿದ್ದಾರೆ. ತಣ್ಣಗಾಗಲೆಂದು ನಡುಬಂಡೆಗೆ ದಾಟಬೇಡಿ.

ನಾಲೆ ಸಿಕ್ಕರೆ ಬದುಕಿದೆವು ಎನಿಸುತ್ತದೆ. ಆದರೆ ವಿಶ್ವೇಶ್ವರಯ್ಯ ನಾಲೆಯಂಥ ಕಾಂಕ್ರೀಟ್ ಹಾಸಿದ ನಾಲೆಯ ಇಳಿಜಾರು ಪಾಚಿಯಿಂದ ಜಾರುತ್ತದೆ, ಒಮ್ಮೆ ಬಿದ್ದರೆ ಹತ್ತಲು ಹಿಡಿ ಸಿಗದು. ಪಂಚೆಯ ತುದಿಗೆ ಬಾಟಲಿ ಕಟ್ಟಿ ಮೇಲಿಂದಲೇ ಇಳಿಬಿಡಿ. ಇಲ್ಲವೇ ಬರೀ ಪಂಚೆ ಅದ್ದಿ ಎಳೆದು ಹಿಂಡಿ. ತೆರೆದ ಬಾವಿಗೂ ಇದೇ ವಿಧಾನ. ಮೆಟ್ಟಿಲಿದ್ದರೂ ತಲೆ ಸುತ್ತುವವರು ಇಳಿಯಬಾರದು. ಬೇಸಿಗೆಯಲ್ಲಿ ನಾಲೆಗೆ ಸರದಿಯಂತೆ ನೀರು ಬಿಡುವುದರಿಂದ ಅದು ಒಣಗಿಯೂ ಇರಬಹುದು. ಆಗಲೂ ನಾಲೆಯ ಏರಿ ಒಳ್ಳೆಯ ದಾರಿ, ಅದು ತಪ್ಪದೆ ಊರಿಗೆ ಒಯ್ಯುತ್ತದೆ.

ಸಿಕ್ಕ ನೀರನ್ನು ನಾಲ್ಕು ಮಡಿಕೆಯ ಹತ್ತಿ ಬಟ್ಟೆಯಲ್ಲಿ ಸೋಸಿ. ಕುದಿಸಲು ಅನುಕೂಲವಿದ್ದರೆ ಕೊತಕೊತ ಒಂದು ನಿಮಿಷ ಸಾಕು. ಕ್ಲೋರಿನ್ ಮಾತ್ರೆ ಇದ್ದರೆ ಹಾಕಿ ಅರ್ಧ ಗಂಟೆ ಕಾಯಿರಿ. ತಿಳಿ ನೀರನ್ನು ಬಣ್ಣವಿಲ್ಲದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಆರು ಗಂಟೆ ಬಿಸಿಲಿಗೆ ಮಲಗಿಸಿಟ್ಟರೂ ರೋಗಾಣುಗಳು ಬಹುಪಾಲು ಸಾಯುತ್ತವೆ. ಇದಾವುದೂ ಆಗದೆ ಬಾಯಾರಿಕೆಯಿಂದ ಬಳಲುತ್ತಿದ್ದರೆ ಹಾಗೇ ಕುಡಿಯಿರಿ. ಕೆಟ್ಟ ನೀರಿನ ಭೇದಿ ಸಾಮಾನ್ಯವಾಗಿ ಒಂದೆರಡು ದಿನ ಬಿಟ್ಟು ಬರುತ್ತದೆ, ಅದಕ್ಕೆ ಚಿಕಿತ್ಸೆಯಿದೆ. ಬಿಸಿಲು ಗಂಟೆಗಳಲ್ಲಿ ಕೊಲ್ಲುತ್ತದೆ. ಈ ಮಾತಿಗೆ ಎರಡು ಹೊರತು: ಮೇಲೆ ಹಸಿರು–ನೀಲಿ ಕೆನೆಗಟ್ಟಿದ ಕೆರೆಯ ನೀರು, ಔಷಧಿ ಹೊಡೆದ ಗದ್ದೆಯಿಂದ ಬಸಿದ ನೀರು. ಇವುಗಳ ವಿಷ ಕುದಿಸಿದರೂ ಹೋಗುವುದಿಲ್ಲ.

ಕಳ್ಳಿಯ ವಿಷಯ ಬಿಡಿಸಿ ಹೇಳಬೇಕು. ನಮ್ಮ ಬೇಲಿಗಳಲ್ಲಿರುವ ಹಾಲು ಸುರಿಯುವ ಕಳ್ಳಿಗೂ ಅಮೆರಿಕದ ಕ್ಯಾಕ್ಟಸ್‌ಗೂ ನಂಟಿಲ್ಲ. ಇದರ ಹಾಲು ತಾಗಿದರೆ ಬೊಬ್ಬೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು, ನುಂಗಿದರೆ ವಾಂತಿ–ಭೇದಿಯಾಗಿ ಇರುವ ನೀರೂ ಹೋಗುತ್ತದೆ. ಪಾಪಾಸುಕಳ್ಳಿಯಲ್ಲಿ ಹಾಲಿಲ್ಲ ನಿಜ, ಆದರೆ ಅದರ ಕೂದಲಿನಂಥ ಮುಳ್ಳು ನಾಲಿಗೆಗೆ ನೆಟ್ಟರೆ ತೆಗೆಯುವವರಿಲ್ಲ. ಮತ್ತಿಮರದ ಕಾಂಡದಲ್ಲಿ ಬೇಸಿಗೆಯಲ್ಲಿ ನೀರು ತುಂಬಿರುತ್ತದೆ ಎಂಬುದು ಬಂಡೀಪುರದ ಕಡೆ ಬಲ್ಲ ಸಂಗತಿ. ಆದರೆ ಎಲ್ಲ ಮರದಲ್ಲೂ ಇರುವುದಿಲ್ಲ, ಅದನ್ನು ನಂಬಿ ಕೊಡಲಿ ಹಿಡಿಯುವುದು ವ್ಯರ್ಥ. ಮೂತ್ರ ಕುಡಿಯುವುದು, ಬಿಯರ್ ಕುಡಿಯುವುದು ಎರಡೂ ಮೈಯ ನೀರನ್ನು ಇನ್ನಷ್ಟು ಕಳೆಯುತ್ತವೆ. ನೆಲದಲ್ಲಿ ಗುಂಡಿ ತೋಡಿ ಪ್ಲಾಸ್ಟಿಕ್ ಹೊದಿಸಿ ನೀರು ಹಿಡಿಯುವ ಉಪಾಯ ಚಿತ್ರದಲ್ಲಿ ಚೆಂದ. ಅದರಿಂದ ದಿನಕ್ಕೆ ಸಿಗುವುದು ತೋಡಲು ಸುರಿಸಿದ ಬೆವರಿಗೂ ಸಾಲದು.

ಅಶ್ವಿನಿ, ಭರಣಿ ಮಳೆಯ ದಿನಗಳಲ್ಲಿ, ಅಂದರೆ ಏಪ್ರಿಲ್ ಮಧ್ಯದಿಂದ ಮೇ ಎರಡನೇ ವಾರದ ತನಕ, ಸಂಜೆ ಗುಡುಗು ಮಳೆ ಬರಬಹುದು. ಪಂಚೆ ಹರಡಿ 50 ಸೆಂಟಿಮೀಟರ್ ಎತ್ತರಕ್ಕೆ ಕಟ್ಟಿ ನಡುವೆ ಕಲ್ಲಿಟ್ಟರೆ ಕೆಳಗಿಟ್ಟ ಪಾತ್ರೆಗೆ ನೀರು ಇಳಿಯುತ್ತದೆ. ಒಂಟಿಮರದಡಿ, ಗುಡ್ಡದ ನೆತ್ತಿಯಲ್ಲಿ ಸಿಡಿಲಿಗೆ ಸಿಗಬೇಡಿ. ಒಣಹಳ್ಳದಲ್ಲಿ ಮಲಗಲೂಬೇಡಿ, ಮೇಲೆಲ್ಲೋ ಬಿದ್ದ ಮಳೆಗೆ ಇಲ್ಲಿ ಹಳ್ಳ ಬರುತ್ತದೆ.

ಬಿಸಿಲು ಬಡಿದಾಗ

ತಲೆಸುತ್ತು, ತಲೆನೋವು, ವಾಕರಿಕೆ, ಮೀನಖಂಡದ ಸೆಳೆತ, ತಣ್ಣನೆಯ ಒದ್ದೆ ಚರ್ಮ ಇವು ಬಳಲಿಕೆಯ ಗುರುತು. ಮಲಗಿಸಿ, ಕಾಲನ್ನು ಒಂದಡಿ ಎತ್ತರಕ್ಕಿಡಿ, ಬಟ್ಟೆ ಸಡಿಲಿಸಿ, ಉಪ್ಪು–ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿ. ಅರ್ಧ ಗಂಟೆಯಲ್ಲಿ ಚೇತರಿಸಿಕೊಂಡರೂ ಆ ದಿನ ಅವರು ಮತ್ತೆ ಬಿಸಿಲಲ್ಲಿ ನಡೆಯಬಾರದು.

ಹೀಟ್ ಸ್ಟ್ರೋಕ್ ಬೇರೆಯೇ. ಒಳಮೈಯ ಉಷ್ಣತೆ 40 ಡಿಗ್ರಿ ದಾಟಿ ಮಿದುಳು ಕೆಡತೊಡಗಿರುತ್ತದೆ. ‘ಬೆವರು ನಿಂತರೆ ಮಾತ್ರ ಹೀಟ್ ಸ್ಟ್ರೋಕ್’ ಎಂಬ ನಂಬಿಕೆ ಜೀವ ತೆಗೆದಿದೆ. ನಡೆದು ದಣಿದವರಲ್ಲಿ ಬೆವರು ಸುರಿಯುತ್ತಿರುವಾಗಲೇ ಅದು ಬರುತ್ತದೆ. ನೋಡಬೇಕಾದದ್ದು ಬುದ್ಧಿಯನ್ನು. ಮಾತು ತೊದಲುತ್ತಿದೆಯೇ, ಕುಡಿದವರಂತೆ ತೂರಾಡುತ್ತಾರೆಯೇ, ಕಾರಣವಿಲ್ಲದೆ ಜಗಳಕ್ಕೆ ಬರುತ್ತಾರೆಯೇ, ‘ನನಗೇನೂ ಆಗಿಲ್ಲ’ ಎನ್ನುತ್ತ ತಪ್ಪು ದಿಕ್ಕಿಗೆ ಹೊರಡುತ್ತಾರೆಯೇ? ಇಪ್ಪತ್ತರಿಂದ ಹಿಂದಕ್ಕೆ ಎಣಿಸಲು ಹೇಳಿ. ಎಡವಿದರೆ ಅಲ್ಲೇ ನಿಲ್ಲಿಸಿ.

ಇಲ್ಲಿ ಕ್ರಮ ಒಂದೇ: ಮೊದಲು ತಣ್ಣಗೆ ಮಾಡುವುದು, ಆಮೇಲೆ ಸಾಗಿಸುವುದು. ಮೊದಲ ಅರ್ಧ ಗಂಟೆಯೊಳಗೆ ಮೈ ತಣ್ಣಗಾದವರಲ್ಲಿ ಹೆಚ್ಚಿನವರು ಉಳಿಯುತ್ತಾರೆ. ಹೊತ್ತುಕೊಂಡು ಓಡುತ್ತ ಆ ಅರ್ಧ ಗಂಟೆ ಕಳೆದರೆ ಆಸ್ಪತ್ರೆ ಸೇರಿದರೂ ಕಷ್ಟ. ನೆರಳಿಗೆ ತನ್ನಿ, ಬಟ್ಟೆ ತೆಗೆಯಿರಿ, ಇರುವ ನೀರನ್ನೆಲ್ಲ ತಲೆಯಿಂದ ಕಾಲವರೆಗೆ ಸುರಿಯಿರಿ, ರಾಡಿಯಾದರೂ ಸರಿ, ನಾಲೆಯದಾದರೂ ಸರಿ. ಟವಲಿನಿಂದ ಬಿಡದೆ ಗಾಳಿ ಬೀಸಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಟ್ಟು ಎರಡು ನಿಮಿಷಕ್ಕೊಮ್ಮೆ ಬದಲಿಸಿ. ಪಂಪ್‌ಸೆಟ್ಟಿನ ತೊಟ್ಟಿ ಹತ್ತಿರವಿದ್ದರೆ ತಲೆ ಎತ್ತಿ ಹಿಡಿದು ಕುತ್ತಿಗೆಯವರೆಗೆ ಮುಳುಗಿಸುವುದು ಎಲ್ಲಕ್ಕಿಂತ ಒಳ್ಳೆಯದು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ, ಮಗ್ಗುಲಿಗೆ ಮಲಗಿಸಿ. ಪ್ಯಾರಾಸಿಟಮಾಲ್ ಜ್ವರಕ್ಕೆ, ಇದಕ್ಕೆ ಕೆಲಸ ಮಾಡುವುದಿಲ್ಲ. 108ಕ್ಕೆ ಒಬ್ಬರು ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ನೀರು ಸುರಿಯುತ್ತಿರಬೇಕು.

ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಹೀರಬೇಡಿ. ಉಂಗುರ, ಕಾಲುಂಗುರ ತೆಗೆದು ಕಚ್ಚಿದ ಅಂಗ ಅಲುಗದಂತೆ ಕೋಲು ಇಟ್ಟು ಕಟ್ಟಿ, ಎತ್ತಿಕೊಂಡು ಸಾಗಿಸಿ. ವಿಷಕ್ಕೆ ಮದ್ದು ಆಸ್ಪತ್ರೆಯಲ್ಲಿ ಕೊಡುವ ಎಎಸ್‌ವಿ (ಹಾವಿನ ಪ್ರತಿವಿಷ) ಇಂಜೆಕ್ಷನ್ ಮಾತ್ರ.

ಫೋನು

ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ಖಾಲಿಯಾಗುತ್ತದೆ. ಫ್ಲೈಟ್ ಮೋಡಿಗೆ ಹಾಕಿ, ಬಿಸಿಲು ತಾಗದಂತೆ ಚೀಲದ ಒಳಗಿಡಿ, ಬೆಳಿಗ್ಗೆಯೋ ಸಂಜೆಯೋ ಎತ್ತರದ ಜಾಗಕ್ಕೆ ಹೋದಾಗ ತೆರೆಯಿರಿ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ 112 ಬೇರೆ ಕಂಪನಿಯ ಟವರಿನಿಂದ ಹೋಗಬಹುದು. ಅರಣ್ಯ ಇಲಾಖೆಯ ಸಹಾಯವಾಣಿ 1926. ಮಾತು ಹೋಗದ ಕಡೆ ಎಸ್‌ಎಂಎಸ್ ಹೋಗಬಹುದು. ಇಂಟರ್ನೆಟ್ ಇಲ್ಲದೆಯೂ ಫೋನಿನ ಜಿಪಿಎಸ್ ಅಕ್ಷಾಂಶ–ರೇಖಾಂಶ ತೋರಿಸುತ್ತದೆ. ಆ ಎರಡು ಅಂಕಿ, ಎಷ್ಟು ಜನ, ಯಾರಿಗೆ ಏನಾಗಿದೆ, ಎಷ್ಟು ನೀರಿದೆ, ಇಲ್ಲೇ ಇರುತ್ತೇವೋ ಯಾವ ಕಡೆ ಹೋಗುತ್ತೇವೋ: ಇಷ್ಟನ್ನು ಒಂದೇ ಮೆಸೇಜಿನಲ್ಲಿ ಮನೆಯವರಿಗೆ ಕಳಿಸಿ. ಇರುತ್ತೇವೆ ಎಂದ ಮೇಲೆ ಅಲ್ಲೇ ಇರಿ. ಹೊರಡುವುದಾದರೆ ವಾಹನದ ಗಾಜಿನ ಒಳಗೆ ದಿಕ್ಕು, ಹೊತ್ತು ಬರೆದ ಚೀಟಿ ಬಿಡಿ. ಸನ್ನೆಗೆ ಬೈಕಿನ ಕನ್ನಡಿ, ಸೀಟಿ, ಟಾರ್ಚ್ ಸಾಕು, ಮೂರು ಮೂರು ಬಾರಿ. ತರಗೆಲೆಯ ಕಾಡಿನಲ್ಲಿ ಹೊಗೆ ಹಾಕಬೇಡಿ. ಬೇಸಿಗೆಯ ಲಂಟಾನ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ, ಬೆಂಕಿ ನಿಮ್ಮ ಕಡೆಗೇ ತಿರುಗಬಹುದು.

ಇಂಥ ಕಡೆ ಹೊರಡುವವರ ಚೀಲದಲ್ಲಿ ತಲೆಗೆ ಮೂರು ಲೀಟರ್ ನೀರು, ನಾಲ್ಕು ಓಆರ್‌ಎಸ್ ಪೊಟ್ಟಣ, ಒಂದು ಹತ್ತಿ ಪಂಚೆ, ಟವಲು, ಸೀಟಿ, ಟಾರ್ಚ್, ಕ್ಲೋರಿನ್ ಮಾತ್ರೆ, ಐದು ಮೀಟರ್ ಹುರಿ ಇರಲಿ. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವುದು ಅಪರಾಧ. ಹಾಗೆ ಹೋದವರು ಯಾರಿಗೂ ಹೇಳದೆ ಹೋಗಿರುತ್ತಾರೆ, ಹುಡುಕುವವರಿಗೆ ಎಲ್ಲಿಂದ ಶುರು ಮಾಡಬೇಕೆಂದೇ ಗೊತ್ತಾಗುವುದಿಲ್ಲ. ಎಲ್ಲಿಗೆ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು, ಬಾರದಿದ್ದರೆ ಯಾವಾಗ 112ಕ್ಕೆ ತಿಳಿಸಬೇಕು ಎಂಬುದನ್ನು ಒಬ್ಬರಿಗಾದರೂ ಬರೆದು ಕಳಿಸಿ.

ಊರು ಸೇರಿದ ಮೇಲೆ ಚೊಂಬುಗಟ್ಟಲೆ ನೀರು ಒಟ್ಟಿಗೆ ಕುಡಿಯಬೇಡಿ. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ಗಂಜಿ, ಸ್ವಲ್ಪ ಸ್ವಲ್ಪವಾಗಿ. ಮೂತ್ರ ಆರು ಗಂಟೆಯಾದರೂ ಬಾರದಿದ್ದರೆ, ಬಂದರೂ ಜೋನಿಬೆಲ್ಲದ ಬಣ್ಣವಿದ್ದರೆ, ದಣಿದ ಸ್ನಾಯು ಒಡೆದು ಕಿಡ್ನಿಗೆ ಹೊರೆಯಾಗಿರಬಹುದು. ಮರುದಿನಕ್ಕೆ ಕಾಯದೆ ತಾಲ್ಲೂಕು ಆಸ್ಪತ್ರೆಯಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ರಕ್ತ ಪರೀಕ್ಷೆ ಮಾಡಿಸಿ. ಮೊದಲೇ 112ಕ್ಕೋ ಅರಣ್ಯ ಇಲಾಖೆಗೋ ತಿಳಿಸಿದ್ದರೆ ನೀವು ಸಿಕ್ಕಿದ್ದೀರಿ ಎಂದೂ ಕೂಡಲೇ ತಿಳಿಸಿ. ಇಲ್ಲದಿದ್ದರೆ ನಿಮ್ಮನ್ನು ಹುಡುಕುವವರು ಅದೇ ಬಿಸಿಲಲ್ಲಿ ಕಾಡಿನೊಳಗೇ ಇರುತ್ತಾರೆ.